ಲಂಡನ್ನಿನಲ್ಲಿ ಫ್ರೀಮೇಸನ್ ಲಾಡ್ಜಿಗೆ ಸೇರಬೇಕಾ ಅಂತ ಕೇಳಿದ್ದಿರಿ

ಹೊಸದಾಗಿ ಲಂಡನ್ನಿಗೆ ಬಂದಿದ್ದೀರಿ, ಆಫೀಸಿನ ಹಿರಿಯರೊಬ್ಬರು ಫ್ರೀಮೇಸನ್ ಲಾಡ್ಜಿಗೆ (ಫ್ರೀಮೇಸನ್ನರು ಅನ್ನುವ ಹಳೆಯ ಸೋದರ ಸಂಘದ ಸ್ಥಳೀಯ ಶಾಖೆಗೆ) ಸೇರಿ ಅಂದಿದ್ದಾರೆ, ಸೇರಿದರೆ ಕೆಲಸಕ್ಕೆ ಅನುಕೂಲ ಆಗುತ್ತಾ, ನಮ್ಮ ದೇವರನ್ನು ಬಿಡಬೇಕಾಗುತ್ತಾ ಅಂತ ಕೇಳಿದ್ದೀರಿ. ನಾನು ಇಲ್ಲಿ ನೆಲೆಸಿ ಬಹಳ ವರ್ಷ ಆಯಿತು, ಲಾಡ್ಜಿಗೂ ಹೋಗುತ್ತೇನೆ.

ಕೆಲಸದ ಆಸೆಗಾದರೆ ಬೇಡವೇ ಬೇಡ. ದುಡ್ಡು ಕಾಸಿನ ಲಾಭಕ್ಕೆ ಬಂದಿಲ್ಲ ಅಂತ ದೀಕ್ಷೆಗೆ, ಅಂದರೆ ಹೊಸಬರನ್ನು ಸೇರಿಸಿಕೊಳ್ಳುವ ವಿಧಿಗೆ, ಮೊದಲೇ ನಿಮ್ಮ ಬಾಯಿಂದ ಹೇಳಿಸುತ್ತಾರೆ. ಸುಳ್ಳು ಹೇಳಿಕೊಂಡು ಒಳಗೆ ಹೋಗುವುದು ಯಾಕೆ?

ದೇವರ ಚಿಂತೆ ಬಿಡಿ. ದೇವರಿದ್ದಾನೆ ಅಂತ ನಂಬಬೇಕು, ಅಷ್ಟೇ. ಅವರು ವಿಶ್ವದ ಮಹಾಶಿಲ್ಪಿ ಅನ್ನುತ್ತಾರೆ, ನೀವು ಮನಸ್ಸಿನಲ್ಲಿ ಶಿವ ಅಂದುಕೊಳ್ಳಿ, ರಾಮ ಅಂದುಕೊಳ್ಳಿ, ಯಾರೂ ಕೆದಕುವುದಿಲ್ಲ. ಭಗವದ್ಗೀತೆಯ ಮೇಲೆ ಪ್ರಮಾಣ ಮಾಡುತ್ತೇನೆ ಅಂತ ಮೊದಲೇ ತಿಳಿಸಿದರೆ ಅದನ್ನೇ ಇಡುತ್ತಾರೆ. ಧರ್ಮದ ಜಗಳ, ರಾಜಕೀಯದ ಜಗಳ ಲಾಡ್ಜಿನ ಬಾಗಿಲು ದಾಟಿ ಒಳಗೆ ಬರಬಾರದು ಅಂತ 1723ರಲ್ಲಿ ಅಚ್ಚಾದ ನಿಯಮಗಳಲ್ಲೇ ಇದೆ. (ನಮ್ಮವರ ವಾಟ್ಸಾಪ್ ಗುಂಪುಗಳಿಗೂ ಇದು ಬೇಕಿತ್ತು.)

ಸೋದರ ಪ್ರೀತಿ, ಕಷ್ಟಕ್ಕೆ ನೆರವು, ಸತ್ಯ, ಇವು ಹಳೆಯ ಮೂರು ತತ್ವಗಳು. ಭಾಷಣದ ಹಾಗೆ ಕೇಳಿಸುತ್ತೆ, ಅಲ್ವಾ? ಆದರೆ ದೀಕ್ಷೆಯ ದಿನ ಉಂಗುರ, ವಾಚು, ಜೇಬಿನ ಚಿಲ್ಲರೆ ಎಲ್ಲ ತೆಗೆಸಿಡುತ್ತಾರೆ. ಆಮೇಲೆ ಒಂದು ಮೂಲೆಯಲ್ಲಿ ನಿಲ್ಲಿಸಿ, ಎಲ್ಲರ ಎದುರು, ಬಡವರಿಗೆ ಏನಾದರೂ ಕೊಡಿ ಅನ್ನುತ್ತಾರೆ. ಕೊಡೋಣ ಅಂದರೆ ಕೈಯಲ್ಲಿ ಬಿಡಿಗಾಸೂ ಇಲ್ಲ. ಮುಂದೆ ಯಾರಾದರೂ ಬರಿಗೈಯಲ್ಲಿ ಎದುರು ನಿಂತಾಗ ಈ ಗಳಿಗೆ ನೆನಪಿರಲಿ ಅಂತ ಅವರು ಹೇಳುವಾಗ ಮುಖ ಬಿಸಿಯಾಗಿರುತ್ತೆ, ನಂದೂ ಆಗಿತ್ತು.

ಹಾಗೇ 24 ಇಂಚಿನ ಅಳತೆಗೋಲು ತೋರಿಸುತ್ತಾರೆ. ಅದು ದಿನದ 24 ಗಂಟೆ. ಒಂದಿಷ್ಟು ಪ್ರಾರ್ಥನೆಗೆ, ಒಂದಿಷ್ಟು ದುಡಿಮೆಗೂ ದಣಿವಾರಿಸಿಕೊಳ್ಳುವುದಕ್ಕೂ, ಒಂದಿಷ್ಟು ಕಷ್ಟದಲ್ಲಿರುವ ಗೆಳೆಯನಿಗೆ, ಆದರೆ ನಿನಗೂ ನಿನ್ನವರಿಗೂ ತೊಂದರೆ ಆಗದ ಹಾಗೆ. ಈ ಕೊನೆಯ ಮಾತನ್ನು ನೀವು ಜಾಸ್ತಿ ಯೋಚಿಸಬೇಕು. ವೀಸಾ, ಬಾಡಿಗೆ ಮನೆ, ಮಕ್ಕಳ ಶಾಲೆ ಇನ್ನೂ ಒಂದು ಹದಕ್ಕೆ ಬಂದಿಲ್ಲ ಅಂದರೆ ಒಂದೆರಡು ವರ್ಷ ತಡೆಯಿರಿ, ಲಾಡ್ಜು ಎಲ್ಲೂ ಓಡಿಹೋಗಲ್ಲ.

ಗುಟ್ಟಿನ ಸಂಘ ಅಂತ ಹೆದರಿಕೆ ಇದ್ದರೆ ಗ್ರೇಟ್ ಕ್ವೀನ್ ಸ್ಟ್ರೀಟಿನ ಫ್ರೀಮೇಸನ್ಸ್ ಹಾಲಿಗೆ ಸುಮ್ನೆ ಹೋಗಿ ಬನ್ನಿ. ಅಲ್ಲಿನ ಮ್ಯೂಸಿಯಂ ಹೊರಗಿನವರೂ ನೋಡಬಹುದು. ಸೇರುವುದೇ ಆದರೆ ವರ್ಷದ ಚಂದಾ ಎಷ್ಟು, ಸಭೆಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಏಪ್ರನ್ನಿಗೆ ಎಷ್ಟು, ಸಭೆ ಆದಮೇಲಿನ ಊಟಕ್ಕೆ ಎಷ್ಟು ಅಂತ ಆ ಹಿರಿಯರನ್ನೇ ಕೇಳಿ, ಸಂಕೋಚ ಬೇಡ. ಸಸ್ಯಾಹಾರ ಅಂತಲೂ ಮೊದಲೇ ಹೇಳಿಬಿಡಿ.