ಕುಂಟುತ್ತಾ ನಡೆದರೆ ಕುಂಟುವುದೇ ರೂಢಿಯಾಗುತ್ತದೆ

ಪ್ರಶ್ನೆ: ಕಾಲಿನ ಹರಡು ಮುರಿದು ಪ್ಲೇಟ್ ಹಾಕಿಸಿ ನಾಲ್ಕು ತಿಂಗಳಾಯಿತು. ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ. ದಿನಾ ಒಂದು ಗಂಟೆ ವಾಕಿಂಗ್ ಮಾಡುತ್ತೇನೆ. ಆದರೂ ಕುಕ್ಕರಗಾಲಲ್ಲಿ ಕೂರಲು ಆಗುತ್ತಿಲ್ಲ, ಮೆಟ್ಟಿಲಿಳಿಯುವಾಗ ಹಿಡಿಯುತ್ತದೆ. ಯಾಕೆ?

ಮತ್ತೆ ಅದೇ ಒಂದು ಗಂಟೆ ವಾಕಿಂಗ್! ನಡೆಯುವುದು ಹೇಗೆ ಅಂತ ಯಾರೂ ಬರೆಯುವುದಿಲ್ಲ. ಪಾದ ಹೊರಕ್ಕೆ ತಿರುಗಿರುತ್ತದೆ, ಹಿಮ್ಮಡಿ ಬೇಗ ಏಳುತ್ತದೆ, ಭಾರವೆಲ್ಲ ಒಳ್ಳೆ ಕಾಲಿಗೆ. ಆಪರೇಷನ್ ಆದಮೇಲೆ ಕೊಂಡ ಚಪ್ಪಲಿ ತಿರುಗಿಸಿ ನೋಡಿ, ಎರಡೂ ಒಂದೇ ಥರ ಸವೆದಿವೆಯಾ?

ನೀವು ಕಳೆದುಕೊಂಡಿರುವುದು ಹಿಮ್ಮಡಿ ನೆಲದಲ್ಲಿದ್ದಾಗ ಮಂಡಿ ಮುಂದಕ್ಕೆ ಬಾಗುವ ಚಲನೆ. ಸಮ ನೆಲದಲ್ಲಿ ನಡೆಯಲು ಅದು ಸ್ವಲ್ಪ ಸಾಕು. ಮೆಟ್ಟಿಲಿಳಿಯಲು ಜಾಸ್ತಿ ಬೇಕು, ಕುಕ್ಕರಗಾಲಿಗೆ ಇನ್ನೂ ಜಾಸ್ತಿ. ಹಾಗಾಗಿ ಎಷ್ಟು ನಡೆದರೂ ಅದು ತಾನಾಗಿ ಬರುವುದಿಲ್ಲ.

ಗೋಡೆಗೆ ಮುಖ ಮಾಡಿ ನಿಲ್ಲಿ. ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗಿದರೆ ಪಾದ ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ನೋಡಿ. ಕೊನೆಗೆ ಹೆಬ್ಬೆರಳಿನಿಂದ ಗೋಡೆಗೆ ಎಷ್ಟು ದೂರ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಒಳ್ಳೆ ಕಾಲು 10 ಸೆಂ.ಮೀ. ದೂರದಿಂದ ತಾಗಿಸಿದರೆ, ಇನ್ನೊಂದು 3ಕ್ಕೇ ಹಿಮ್ಮಡಿ ಎತ್ತಿಬಿಡಬಹುದು. ಈ ಪರೀಕ್ಷೆಯೇ ವ್ಯಾಯಾಮ. ಹತ್ತತ್ತರಂತೆ ದಿನಕ್ಕೆ ಮೂರು ಸಲ ಮಾಡಿ, ವಾರಕ್ಕೊಮ್ಮೆ ಅಳೆದು ಬರೆದಿಡಿ. ಮೀನಖಂಡ ಎಳೆದ ಹಾಗಾದರೆ ಸರಿ. ಹರಡಿನ ಮುಂಭಾಗದಲ್ಲಿ ಚುಚ್ಚಿ ಅಲ್ಲೇ ತಡೆದು ನಿಂತರೆ ಒತ್ತಬೇಡಿ, ಸರ್ಜನ್‌ಗೆ ತೋರಿಸಿ. ಜೊತೆಗೆ ತುದಿಗಾಲಲ್ಲಿ ಏಳುವ ಅಭ್ಯಾಸ: ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದರಲ್ಲೇ. ಅದು ಬರುವವರೆಗೆ ಓಟದ ಮಾತು ಬೇಡ.

ಕಾಲೂರಲು ಇನ್ನೂ ಒಪ್ಪಿಗೆ ಸಿಗದವರು ಇದನ್ನು ಓದಿ ಶುರು ಹಚ್ಚಿಕೊಳ್ಳಬೇಡಿ, ಪ್ಲೀಸ್.

ಪ್ರಶ್ನೆ: ಸಂಜೆಗೆ ಕಾಲು ಊದುತ್ತದೆ. ಮೂಳೆ ಕಟ್ಟುವವರೊಬ್ಬರು ಎಣ್ಣೆ ಹಾಕಿ ಎಳೆದು ಸರಿಮಾಡುತ್ತಾರಂತೆ. ಹೋಗಲೇ?

ಬೇಡ. ಪ್ಲೇಟ್, ಸ್ಕ್ರೂ ಇರುವ ಕಾಲನ್ನು ಅವರೇನು ಎಳೆಯುವುದು? ಊತ ಆರು ತಿಂಗಳು, ಕೆಲವರಿಗೆ ವರ್ಷದವರೆಗೂ ಬಂದು ಹೋಗುತ್ತದೆ. ಬೆಳಗ್ಗೆ ಇಳಿದಿದ್ದರೆ ಹೆದರಬೇಡಿ. ಆದರೆ ಒಂದೇ ಮೀನಖಂಡ ಬಿಗಿದು ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು, ಪ್ರಾಣಕ್ಕೇ ಕುತ್ತು.

ಪ್ರಶ್ನೆ: ಪ್ಲೇಟ್ ತೆಗೆಸಲೇಬೇಕಾ?

ತೊಂದರೆ ಕೊಡದಿದ್ದರೆ ಇರಲಿ ಬಿಡಿ.

ಪ್ರಶ್ನೆ: ಬದನೆಕಾಯಿ ನಂಜು, ತಿನ್ನಬಾರದು ಅಂತಾರಲ್ಲ?

ತಿನ್ನಿ. ಮೂಳೆ ಕೂಡುವುದನ್ನು ತಡಮಾಡುವುದು ಬೀಡಿ, ಸಿಗರೇಟು. ಅದನ್ನು ಬಿಡಬೇಕಾ ಅಂತ ಮಾತ್ರ ಯಾರೂ ಕೇಳಿಲ್ಲ.