ಅಕಿಲೀಸ್ ಯಾಕೆ ಅಷ್ಟೊಂದು ಅಳುತ್ತಾನೆ?

ನಮಸ್ಕಾರ ಮೇಡಂ,

ಕಳೆದ ಸಂಚಿಕೆಯಲ್ಲಿ, ಟ್ರಾಯ್ ಊರಿನ ಮೇಲೆ ಗ್ರೀಕರು ಮಾಡಿದ ಯುದ್ಧದ ಕಾವ್ಯ, ಹೋಮರನ ಇಲಿಯಡ್ ಬಗ್ಗೆ ಬಂದ ಲೇಖನ ಓದಿ ನೀವು ಬರೆದ ಕಾಗದ ಸಿಕ್ಕಿತು. ಬೇರೆ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ಸೆರೆ ಸಿಕ್ಕ ಒಬ್ಬ ಹೆಂಗಸಿನ ವಿಷಯಕ್ಕೆ ಮುನಿಸಿಕೊಂಡು ಕೂತವನು, ತನ್ನ ಕಡೆಯವರು ಸಾಯುತ್ತಿದ್ದರೂ ಎದ್ದು ಬಾರದವನು, ಅಮ್ಮನನ್ನು ಕರೆದು ಅಳುವವನು, ಸತ್ತ ಶತ್ರುವಿನ ಹೆಣವನ್ನು ರಥಕ್ಕೆ ಕಟ್ಟಿ ಎಳೆದವನು, ಇಂಥ ಗ್ರೀಕ್ ಯೋಧ ಅಕಿಲೀಸನನ್ನು ಯಾವ ಬಾಯಲ್ಲಿ ವೀರ ಅನ್ನೋಣ? ಅವನಿಗಿಂತ, ಅವನು ಕೊಂದ ಟ್ರಾಯ್‌ನ ರಾಜಕುಮಾರ ಹೆಕ್ಟರನೇ ವಾಸಿ ಅಲ್ವಾ? ಪಿಯುಸಿ ಓದುವ ಮಗನ ಕೈಗೆ ಇದನ್ನು ಕೊಡಬಹುದಾ ಅಂತಲೂ ಕೇಳಿದ್ದೀರಿ. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ಹೇಳಿದ ತಪ್ಪುಗಳಲ್ಲಿ ಒಂದನ್ನೂ ಹೋಮರ್ ಮುಚ್ಚಿಟ್ಟಿಲ್ಲ. ಹೆಣ ಎಳೆದದ್ದಕ್ಕೆ ಕೊನೆಯ ಭಾಗದಲ್ಲಿ ಅಪೊಲೊ ದೇವರೇ ಬೈಯುತ್ತಾನೆ: ಇವನಿಗೆ ಕರುಣೆಯೂ ಇಲ್ಲ, ನಾಚಿಕೆಯೂ ಇಲ್ಲ, ಸಿಟ್ಟಿನಲ್ಲಿ ಬರೀ ಮೂಕ ಮಣ್ಣಿಗೆ ಅವಮಾನ ಮಾಡುತ್ತಿದ್ದಾನೆ. ಅಂದರೆ ನಿಮ್ಮ ಆಕ್ಷೇಪಣೆ ಕಾವ್ಯದ ಒಳಗೇ ಇದೆ.

ಜಗಳ ಶುರುವಾಗುವುದು ಹೇಗೆ ನೋಡಿ. ಅಪೊಲೊನ ಪೂಜಾರಿಯೊಬ್ಬ ಕೈತುಂಬ ಸಂಪತ್ತು ತಂದು, ಸೆರೆಯಲ್ಲಿರುವ ಮಗಳನ್ನು ಬಿಡಿ ಅಂತ ಬೇಡುತ್ತಾನೆ. ಸೇನೆಯೆಲ್ಲ ಒಪ್ಪಿದರೂ ಗ್ರೀಕರ ದೊರೆ ಅಗಮೆಮ್ನಾನ್ ಒಪ್ಪುವುದಿಲ್ಲ, ಗದರಿಸಿ ಕಳಿಸುತ್ತಾನೆ. ಆಮೇಲೆ ಅಪೊಲೊನ ಸಿಟ್ಟಿಗೆ 9 ದಿನ ಪಾಳೆಯದಲ್ಲಿ ರೋಗ, ಸಾಲುಸಾಲು ಚಿತೆ. ಹತ್ತನೇ ದಿನ ಸಭೆ ಕರೆದವನು ಅಕಿಲೀಸ್. ಪೂಜಾರಿಯ ಮಗಳನ್ನು ವಾಪಸ್ ಕಳಿಸಬೇಕಾಗಿ ಬಂದ ಉರಿಗೆ ಅಗಮೆಮ್ನಾನ್, ಅಕಿಲೀಸನ ಪಾಲಿಗೆ ಬಂದಿದ್ದ ಸೆರೆಯಾಳು ಬ್ರಿಸೇಯಿಸಳನ್ನು ಕಿತ್ತುಕೊಳ್ಳುತ್ತಾನೆ. ಎಲ್ಲರ ಎದುರಿಗೆ. ಅಲ್ಲಿರುವುದೇ ನೋವು. ಆ ಜನರಲ್ಲಿ ಮರ್ಯಾದೆ ಕಣ್ಣಿಗೆ ಕಾಣಬೇಕು: ಗೆದ್ದ ಸೊತ್ತಿನಲ್ಲಿ ಪಾಲು, ಊಟಕ್ಕೆ ಕೂತಾಗ ಮುಂದಿನ ಜಾಗ, ಮಾಂಸದ ಒಳ್ಳೆಯ ತುಂಡು, ತುಂಬಿದ ಬಟ್ಟಲು. 12ನೇ ಭಾಗದಲ್ಲಿ ಟ್ರಾಯ್ ಕಡೆಯ ಯೋಧ ಸರ್ಪೀಡಾನ್ ತನ್ನ ಗೆಳೆಯ ಗ್ಲಾಕಸನಿಗೆ ಇದನ್ನು ಬಿಡಿಸಿ ಹೇಳುತ್ತಾನೆ. ಜನ ನಮಗೆ ಇಷ್ಟೆಲ್ಲ ಕೊಟ್ಟಿದ್ದಾರೆ, ಹಾಗಾಗಿ ನಾವು ಮುಂದಿನ ಸಾಲಲ್ಲಿ ನಿಲ್ಲಬೇಕು. ಸಾವು, ಮುಪ್ಪು ಇಲ್ಲದಿದ್ದರೆ ನಾನೂ ಯುದ್ಧಕ್ಕೆ ಹೋಗುತ್ತಿರಲಿಲ್ಲ, ನಿನ್ನನ್ನೂ ಕಳಿಸುತ್ತಿರಲಿಲ್ಲ.

ಬೇರೆಯವರು ಕೊಟ್ಟ ಮರ್ಯಾದೆಯನ್ನು ಬೇರೆಯವರು ಕಿತ್ತುಕೊಳ್ಳಲೂಬಹುದು. ಹಾಗೆ ಕಳೆದುಕೊಂಡವನ ಗತಿ ಏನು ಅಂತ ಮುಂದೆ ಗ್ರೀಕ್ ನಾಟಕಕಾರ ಸೊಫೊಕ್ಲಿಸ್, ಇದೇ ಯುದ್ಧದ ಇನ್ನೊಬ್ಬ ಗ್ರೀಕ್ ವೀರ ಏಜಾಕ್ಸನ ನಾಟಕದಲ್ಲಿ ತೋರಿಸಿದ. ನಮ್ಮ ಬಿ.ಎಂ.ಶ್ರೀ. ಅದನ್ನೇ ಮಹಾಭಾರತದ ನೆಲಕ್ಕೆ ತಂದು ‘ಅಶ್ವತ್ಥಾಮನ್’ ಬರೆದರು.

ಅಕಿಲೀಸ್ ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. 9ನೇ ಭಾಗದಲ್ಲಿ ಅಗಮೆಮ್ನಾನ್ ಸೋತು ರಾಜಿಗೆ ಬರುತ್ತಾನೆ. 10 ತಲಾಂತು (ಆ ಕಾಲದ ತೂಕ) ಚಿನ್ನ, 12 ಪಂದ್ಯದ ಕುದುರೆ, 7 ಊರು, ಜೊತೆಗೆ ತನ್ನ ಮಗಳು, ಬ್ರಿಸೇಯಿಸ್ ಕೂಡ ವಾಪಸ್. ಲೆಕ್ಕದ ಪ್ರಕಾರ ಮರ್ಯಾದೆ ಬಡ್ಡಿ ಸಮೇತ ಬಂತು. ಅಕಿಲೀಸ್ ಬೇಡ ಅನ್ನುತ್ತಾನೆ. ದನ, ಕುರಿ ಹೊಡೆದುಕೊಂಡು ಬರಬಹುದು, ಕುದುರೆ ಸಂಪಾದಿಸಬಹುದು, ಮನುಷ್ಯನ ಉಸಿರು ಒಂದು ಸಲ ಹಲ್ಲಿನ ಬೇಲಿ ದಾಟಿ ಹೋದರೆ ವಾಪಸ್ ತರೋದಕ್ಕೆ ಆಗಲ್ಲ ಅನ್ನುತ್ತಾನೆ. ಹೇಡಿಗೂ ಸಾವು, ಕಾದಾಡಿದವನಿಗೂ ಸಾವು, ಹಾಗಾದರೆ ಈ ಲೆಕ್ಕ ಯಾಕೆ? ಇಡೀ ಪಾಳೆಯದಲ್ಲಿ ಇದನ್ನು ಬಾಯಿಬಿಟ್ಟು ಕೇಳಿದವನು ಇವನೊಬ್ಬನೇ. ಮುನಿಸು ಅಂತ ನೀವು ಕರೆದದ್ದರ ಒಳಗೆ ಈ ಪ್ರಶ್ನೆಯೂ ಇದೆ ಅನ್ನೋದು ನನ್ನ ವಾದ. ಆದರೆ ಮುನಿಸೂ ಇದೆ, ಇಲ್ಲ ಅನ್ನುವುದಿಲ್ಲ. ಅದಕ್ಕೆ ಅವನು ತೆತ್ತ ಬೆಲೆ, ಅವನ ಬದಲು ಯುದ್ಧಕ್ಕೆ ಹೋಗಿ ಹೆಕ್ಟರನ ಕೈಯಲ್ಲಿ ಸತ್ತ ಜೀವದ ಗೆಳೆಯ ಪ್ಯಾಟ್ರೊಕ್ಲಸ್.

18ನೇ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಗೆಳೆಯ ಸತ್ತ ಸುದ್ದಿ ಕೇಳಿ ಅಕಿಲೀಸ್ ಎರಡೂ ಕೈಯಲ್ಲಿ ಬೂದಿ ಬಾಚಿ ತಲೆ ಮೇಲೆ ಸುರಿದುಕೊಳ್ಳುತ್ತಾನೆ, ಧೂಳಿನಲ್ಲಿ ಬಿದ್ದು ಕೂದಲು ಕಿತ್ತುಕೊಳ್ಳುತ್ತಾನೆ. ಸುದ್ದಿ ತಂದ ಆಂಟಿಲೋಕಸ್ ಇವನೆಲ್ಲಿ ಕತ್ತು ಕುಯ್ದುಕೊಳ್ಳುತ್ತಾನೋ ಅಂತ ಹೆದರಿ ಕೈ ಹಿಡಿದುಕೊಂಡಿರುತ್ತಾನೆ. ಸಮುದ್ರದಿಂದ ಬಂದ ತಾಯಿ ಥೀಟಿಸ್ ಮಗನ ತಲೆಯನ್ನು ಕೈಯಲ್ಲಿ ಹಿಡಿದು ಅಳುತ್ತಾಳೆ. ಗ್ರೀಕರಲ್ಲಿ ಹೆಣದ ಮುಂದೆ ಅಳುವವರು ತಲೆ ಹಿಡಿಯುವುದು ಹಾಗೆ. ಹೆಕ್ಟರ್ ಸತ್ತ ಬೆನ್ನಿಗೇ ನಿನ್ನ ಸಾವು ಅಂತ ಅವಳೇ ಹೇಳುತ್ತಾಳೆ, ಮಗ ಆಗಲಿ ಅನ್ನುತ್ತಾನೆ. ನೀವು ‘ಅಮ್ಮನನ್ನು ಕರೆದು ಅಳುತ್ತಾನೆ’ ಅಂದಿರಿ. ಇಲ್ಲಿ ಒಬ್ಬ ತಾಯಿ ಬದುಕಿರುವ ಮಗನಿಗೇ ಸಾವಿನ ಅಳು ಅಳುತ್ತಿದ್ದಾಳೆ, ಮೇಡಂ.

ಮಾರನೇ ದಿನ ಅಗಮೆಮ್ನಾನನ ಉಡುಗೊರೆಗಳು ಬರುತ್ತವೆ. ಕೊಟ್ಟರೆ ಕೊಡು, ಇಟ್ಟುಕೊಂಡರೆ ಇಟ್ಟುಕೋ ಅನ್ನುತ್ತಾನೆ ಅಕಿಲೀಸ್. ಬ್ರಿಸೇಯಿಸ್ ಸೆರೆ ಸಿಕ್ಕ ದಿನವೇ ಸತ್ತಿದ್ದರೆ ಚೆನ್ನಾಗಿತ್ತು ಅನ್ನುವಷ್ಟು ಒರಟು ಮಾತೂ ಆಡುತ್ತಾನೆ. ಓದುವಾಗ ಹೊಟ್ಟೆ ಉರಿಯುತ್ತದೆ. ಅದಾದ ಸ್ವಲ್ಪ ಹೊತ್ತಿಗೇ ಹೋಮರ್ ಅವಳಿಗೆ ಬಾಯಿ ಕೊಡುತ್ತಾನೆ. ಅಲ್ಲಿಯವರೆಗೆ ಬ್ರಿಸೇಯಿಸ್ ಒಂದು ಮಾತೂ ಆಡಿಲ್ಲ. ಗಂಡ, ಮೂವರು ಅಣ್ಣತಮ್ಮಂದಿರು ಒಂದೇ ದಿನ ಸತ್ತರು, ಆಗ ನನ್ನನ್ನು ಸಮಾಧಾನ ಮಾಡಿದವನು ನೀನು, ಯಾವಾಗಲೂ ಮೆತ್ತಗೆ ಮಾತಾಡುತ್ತಿದ್ದೆ ಅಂತ ಪ್ಯಾಟ್ರೊಕ್ಲಸನ ಹೆಣದ ಮುಂದೆ ಅಳುತ್ತಾಳೆ. ಸುತ್ತ ಇದ್ದ ಹೆಂಗಸರೂ ಅಳುತ್ತಾರೆ, ನೆಪಕ್ಕೆ ಪ್ಯಾಟ್ರೊಕ್ಲಸ್, ಒಳಗೆ ಅವರವರ ದುಃಖ. ಯಾರ ಗೌರವದ ಗುರುತಾಗಿ ಯಾರು ಸೆರೆಯಾದರು ಅಂತ ಕವಿ ಮರೆತಿಲ್ಲ.

ಇನ್ನು ಹೆಕ್ಟರ್. ಅವನು ನನಗೂ ಇಷ್ಟ. 6ನೇ ಭಾಗದಲ್ಲಿ ಶಿರಸ್ತ್ರಾಣದ ಜುಟ್ಟು ನೋಡಿ ಕೂಸು ಚೀರಿದಾಗ ನಕ್ಕು, ಅದನ್ನು ತೆಗೆದು ಕೆಳಗಿಟ್ಟು ಮಗನನ್ನು ಎತ್ತಿಕೊಳ್ಳುವ ಅಪ್ಪ ಯಾರಿಗೆ ಇಷ್ಟ ಆಗಲ್ಲ? ಆದರೆ ಅವನನ್ನು ಕೊಂದದ್ದೂ ಅದೇ ಮರ್ಯಾದೆ. ರಾತ್ರಿಯೇ ಸೇನೆಯನ್ನು ಕೋಟೆಯೊಳಗೆ ಕರೆದುಕೊಂಡು ಹೋಗೋಣ ಅಂತ ಜೊತೆಗಾರ ಪಾಲಿಡಮಸ್ ಹೇಳಿದ್ದ, ಇವನು ಕೇಳಲಿಲ್ಲ. ಮಾರನೇ ದಿನ ತುಂಬ ಜನ ಸತ್ತ ಮೇಲೆ, ಒಳಗೆ ಹೋದರೆ ಜನ ಏನಂತಾರೆ ಅನ್ನುವ ನಾಚಿಕೆಗೆ ಬಾಗಿಲ ಹೊರಗೇ ನಿಲ್ಲುತ್ತಾನೆ. ಗೋಡೆ ಮೇಲಿಂದ ಅಪ್ಪ ಅಮ್ಮ ಇಬ್ಬರೂ ಕರೆಯುತ್ತಾರೆ, ಕದಲುವುದಿಲ್ಲ. ಅಕಿಲೀಸ್ ಹತ್ತಿರ ಬಂದಾಗ ಮಾತ್ರ ಭಯಕ್ಕೆ ಓಡುತ್ತಾನೆ, ಊರಿನ ಸುತ್ತ ಮೂರು ಸುತ್ತು. ಅವನು ಸತ್ತ ಹೊತ್ತಿಗೆ ಹೆಂಡತಿ ಆಂಡ್ರೊಮಕಿ ಮನೆಯಲ್ಲಿ ಬಟ್ಟೆ ನೇಯುತ್ತಾ, ಗಂಡ ಬಂದರೆ ಸ್ನಾನಕ್ಕೆ ಬೇಕು ಅಂತ ನೀರು ಕಾಯಿಸಲು ಹೇಳಿರುತ್ತಾಳೆ.

ಹಾಗಾದರೆ ವೀರ ಯಾರು? ನನ್ನನ್ನು ಕೇಳಿದರೆ, ಇಲಿಯಡ್‌ನಲ್ಲಿ ಎಲ್ಲರಿಗಿಂತ ದೊಡ್ಡ ಧೈರ್ಯ ಹೆಕ್ಟರನ ಅಪ್ಪ, ಟ್ರಾಯ್‌ನ ದೊರೆ, ಮುದುಕ ಪ್ರಯಾಮನದು. ಮಗನ ಹೆಣ ಬಿಡಿಸಿಕೊಳ್ಳಲು ರಾತ್ರಿ ಶತ್ರುವಿನ ಬಿಡಾರಕ್ಕೆ ಬರುತ್ತಾನೆ, ಅಕಿಲೀಸನ ಮೊಣಕಾಲು ಹಿಡಿದು, ತನ್ನ ಮಕ್ಕಳನ್ನು ಕೊಂದ ಆ ಕೈಗೆ ಮುತ್ತಿಡುತ್ತಾನೆ. ನಿನ್ನ ಅಪ್ಪನನ್ನು ನೆನೆಸಿಕೋ, ಅವನಿಗೂ ನನ್ನ ವಯಸ್ಸು ಅನ್ನುತ್ತಾನೆ. ಇಬ್ಬರೂ ಅಳುತ್ತಾರೆ. ಪ್ರಯಾಮ್ ಹೆಕ್ಟರನಿಗೆ, ಅಕಿಲೀಸ್ ಒಮ್ಮೆ ಅಪ್ಪನಿಗೆ, ಒಮ್ಮೆ ಪ್ಯಾಟ್ರೊಕ್ಲಸನಿಗೆ.

ಅಕಿಲೀಸ್ ನನ್ನ ಕಣ್ಣಿಗೆ ವೀರನಾಗುವುದೂ ಈ ಬಿಡಾರದಲ್ಲೇ. ಅವನ ಸಿಟ್ಟು ಇನ್ನೂ ಹೋಗಿಲ್ಲ. ಮುದುಕ ಅವಸರ ಮಾಡಿದಾಗ, ನನ್ನನ್ನು ಕೆಣಕಬೇಡ ಅಂತ ಗದರುತ್ತಾನೆ. ಆದರೆ ಹೆಣವನ್ನು ಪ್ರಯಾಮನ ಕಣ್ಣಿಗೆ ಬೀಳದ ಹಾಗೆ ಬೇರೆ ಕಡೆ ತೊಳೆಸುತ್ತಾನೆ. ಮಗನನ್ನು ನೋಡಿ ತಂದೆ ರೇಗಿದರೆ, ತಾನೂ ರೇಗಿ ಅವನನ್ನು ಕೊಂದುಬಿಟ್ಟೇನು ಅನ್ನುವ ಭಯ ಅವನಿಗೆ. ತನ್ನ ಸಿಟ್ಟಿನ ಅಳತೆ ಗೊತ್ತಿದ್ದು ಅದಕ್ಕೆ ಮೊದಲೇ ಅಡ್ಡ ನಿಲ್ಲುತ್ತಾನೆ. ಹೆಕ್ಟರನನ್ನು ತಾನೇ ಎತ್ತಿ ಮಲಗಿಸುತ್ತಾನೆ. 12 ಮಕ್ಕಳನ್ನು ಕಳೆದುಕೊಂಡ ನಯೊಬಿಯೂ ಕೊನೆಗೆ ಊಟ ಮಾಡಿದಳು, ನೀನೂ ಮಾಡು ಅಂತ ಬಡಿಸುತ್ತಾನೆ. ಗೆಳೆಯ ಸತ್ತ ಮೇಲೆ ಹೆಕ್ಟರನನ್ನು ಕೊಲ್ಲುವ ತನಕ ತಾನೇ ಏನೂ ಮುಟ್ಟದೆ ಹಟ ಹಿಡಿದಿದ್ದವನು ಇವನು! ಉತ್ತರಕ್ರಿಯೆಗೆ ಎಷ್ಟು ದಿನ ಬೇಕು ಅಂತ ಕೇಳಿ, ಅಷ್ಟು ದಿನ ಯುದ್ಧ ತಡೆಯುತ್ತೇನೆ ಅಂತ ಮಾತು ಕೊಡುತ್ತಾನೆ. 11 ದಿನ. ಹನ್ನೆರಡನೇ ದಿನ ಬೇಕಾದರೆ ಮತ್ತೆ ಯುದ್ಧ.

ಮಗನ ವಿಷಯ. ಖಂಡಿತ ಕೊಡಿ. 2ನೇ ಭಾಗದ ಹಡಗುಗಳ ಪಟ್ಟಿ ಬೇಜಾರಾದರೆ ದಾಟಿಕೊಂಡು ಹೋಗಲಿ, ಪರವಾಗಿಲ್ಲ. ಆದರೆ 21ನೇ ಭಾಗವನ್ನು ಬಿಡಿಸಬೇಡಿ. ಅಲ್ಲಿ ನಿರಾಯುಧನಾಗಿ ಕಾಲು ಹಿಡಿದ ಹುಡುಗ ಲೈಕಾನನಿಗೆ ಅಕಿಲೀಸ್, ಗೆಳೆಯ, ನೀನೂ ಸಾಯಿ, ನಿನಗಿಂತ ಒಳ್ಳೆಯವನು ಪ್ಯಾಟ್ರೊಕ್ಲಸನೇ ಸತ್ತ ಅಂತ ಹೇಳಿ ಕೊಲ್ಲುತ್ತಾನೆ. ಅದನ್ನು ಓದದವರಿಗೆ ಪ್ರಯಾಮನ ಎದುರಿಗೆ ಅವನು ತಡೆದುಕೊಂಡದ್ದು ಎಷ್ಟು ಅಂತ ಗೊತ್ತಾಗುವುದಿಲ್ಲ. ಓದಿದ ಮೇಲೂ ಹುಡುಗನಿಗೆ ನಿಮ್ಮ ಹಾಗೇ ಸಿಟ್ಟು ಬಂದರೆ ಅವನೇ ನಮಗೆ ಬರೆಯಲಿ, ಖಂಡಿತ ಹಾಕುತ್ತೇವೆ.

– ಸಂಪಾದಕ