ಅಪ್ಪನ ಹೊರಸು ಇನ್ನೂ ಬೇವಿನ ಮರದ ಕೆಳಗಿದೆ

ಪತ್ರ: ಅಕ್ಕಾ, ನಾನು ಬಳ್ಳಾರಿಯಲ್ಲಿ ಹೈಸ್ಕೂಲ್ ಶಿಕ್ಷಕಿ, ವಯಸ್ಸು 49. ಆನೆಗೊಂದಿ ಹತ್ತಿರ ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಎರಡು ಎಕರೆ ಇದೆ. ಒಂದಿಷ್ಟು ಭತ್ತ, ಒಂದಿಷ್ಟು ಬಾಳೆ, ಬಂಡೆಗಳ ಮಗ್ಗುಲಿಗೆ ಎರಡು ಕೋಣೆಯ ಮನೆ. ನಮ್ಮ ರಜೆಗಳೆಲ್ಲ ಅಲ್ಲೇ ಕಳೆದವು. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು, ವಿಲ್ ಬರೆದಿಲ್ಲ. ಬೆಂಗಳೂರಿನಲ್ಲಿರುವ ಅಣ್ಣ ಮಾರೋಣ ಅನ್ನುತ್ತಾನೆ. ಹೋಂಸ್ಟೇ ಮಾಡುವವರು ಕೇಳಿದ್ದಾರೆ, ದೀಪಾವಳಿ ಮುಗಿದ ಮೇಲೆ ನೋಂದಣಿ ಅಂತೆ. ಮೋಟಾರು ರಿಪೇರಿ, ತೋಟ ನೋಡಿಕೊಳ್ಳುವ ಕಾಕಾ-ಕಾಕಿಯ ಸಂಬಳ ಎಲ್ಲ ಇಷ್ಟು ದಿನ ಕೊಟ್ಟವನು ಅವನೇ, ನಿಜ. ಆದರೆ ಅರ್ಧ ನನ್ನದೂ ಅಲ್ಲವೇ? ಪಿಎಫ್ ಹಣ ತೆಗೆದು ಅವನ ಅರ್ಧವನ್ನೂ ನಾನೇ ಕೊಳ್ಳುತ್ತೇನೆ ಎಂದರೆ ಯಜಮಾನರು ಒಪ್ಪುತ್ತಿಲ್ಲ. ಅವ್ವ ಬಾಯಿಯೇ ಬಿಡುವುದಿಲ್ಲ. ಅಪ್ಪ ಹೋದಮೇಲೆ ನಾನು ಅಲ್ಲಿಗೆ ಎರಡೇ ಸಲ ಹೋಗಿದ್ದೇನೆ. ಬೇವಿನ ಮರದ ಕೆಳಗೆ ಅವರ ಹೊರಸು ಹಾಗೇ ಇದೆ, ನೋಡಿ ನಿಲ್ಲಲಾಗಲಿಲ್ಲ. ಸಹಿ ಹಾಕಿದರೆ ಅಪ್ಪನನ್ನೇ ಮಾರಿದಂತೆ ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ ತಂಗಿ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಹೊರಸಿನ ಹತ್ತಿರ ಬಂದು ನಿಂತೆ. ಮೂರು ವರ್ಷ ಬಿಸಿಲಿಗೆ, ಮಳೆಗೆ ಹೊರಗೇ ಬಿದ್ದ ಹೊರಸಿನ ಹಗ್ಗ ಇಷ್ಟರಲ್ಲಿ ಜೋತುಬಿದ್ದು ಹರಿಯಬೇಕಿತ್ತು. ಹಾಗೇ ಇದೆ ಅಂತ ನೀನು ಬರೆದಿದ್ದೀಯ. ಅಂದರೆ ಯಾರೋ ಅದನ್ನು ಮಳೆ ಬಂದಾಗ ಒಳಗೆ ಎಳೆದು, ಹೊಳವಾದಾಗ ಮತ್ತೆ ಮರದ ಕೆಳಗೆ ಇಡುತ್ತಿದ್ದಾರೆ. ಅದು ಯಾರು ಅಂತ ನಿನಗೂ ಗೊತ್ತು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ. ಅರ್ಧ ನಿನ್ನದು, ಅರ್ಧ ಅಣ್ಣನದು ಅನ್ನುವುದು ತಪ್ಪು. ಅಪ್ಪ ತಾವೇ ಸಂಪಾದಿಸಿ ಕೊಂಡ ಜಮೀನು, ವಿಲ್ ಇಲ್ಲ. ಅಪ್ಪ ತೀರಿಕೊಂಡಾಗ ಅವರ ತಾಯಿ ಬದುಕಿರಲಿಲ್ಲವೆಂದಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವ್ವ, ಅಣ್ಣ, ನೀನು ಮೂವರಿಗೂ ಸಮಪಾಲು. ಮೂರರಲ್ಲಿ ಒಂದು ಪಾಲು ಅವ್ವನದು. ಅಣ್ಣ ದೀಪಾವಳಿ ಅಂದ, ನೀನು ಪಿಎಫ್ ಅಂದೆ. ಇಬ್ಬರೂ ಪಾಲು ಹಾಕಿಕೊಂಡಿರಿ, ಅವ್ವನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅವರು ಬಾಯಿ ಬಿಡುವುದಿಲ್ಲ ಅನ್ನುತ್ತೀಯಲ್ಲ, ಕೇಳಿದವರು ಯಾರು? ಪೌತಿ ಖಾತೆಯಾಗಿ ಪಹಣಿಯಲ್ಲಿ ಮೂವರ ಹೆಸರೂ ಬಂದಿದೆಯೇ ಎಂದು ಈ ವಾರವೇ ನೋಡು. ಸಿಟ್ಟಿನ ಭರದಲ್ಲಿ 'ನನಗೇನೂ ಬೇಡ' ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಮಾತ್ರ ಸಹಿ ಹಾಕಬೇಡ. ಮಾರಿದರೆ ಅವ್ವನ ಪಾಲು ಅವ್ವನ ಹೆಸರಿನ ಖಾತೆಗೇ ಬೀಳಬೇಕು. ಇದನ್ನು ಅಣ್ಣನಿಗೆ ನೀನೇ ಹೇಳು, ನೇರವಾಗಿ, ಫೋನಿನಲ್ಲಲ್ಲ.

ಕೊಳ್ಳುವ ವಿಚಾರ. ಬೇಡ ತಂಗಿ. ನಿವೃತ್ತಿಗೆ ಇನ್ನೂ ಹತ್ತು ವರ್ಷ ಇರುವಾಗ ಮುಪ್ಪಿನ ಕಾಲದ ಹಣ ತೆಗೆದು ಹೂಡಬೇಕಾದದ್ದು ನೀನು ವರ್ಷಕ್ಕೊಮ್ಮೆಯೂ ಹೋಗಲಾರದ ಮನೆಯ ಮೇಲಲ್ಲ. ಮೂರು ವರ್ಷಕ್ಕೆ ಎರಡು ಸಲ ಹೋಗಿದ್ದೀಯ. ಅದನ್ನು ತಪ್ಪೆಂದು ಹೇಳುತ್ತಿಲ್ಲ, ನಿನ್ನಿಂದ ಆಗುತ್ತಿಲ್ಲ, ಅಷ್ಟೇ. ಅಪ್ಪ ಇದ್ದಾಗ ಆ ಮನೆಗೆ ಬಾಗಿಲು ತೆಗೆಯುವವರಿದ್ದರು, ಹೊತ್ತಿಗೆ ಮುಂಚೆ ಒಲೆ ಹೊತ್ತಿಸುವವರಿದ್ದರು, ಅಂಜನಾದ್ರಿ ಬೆಟ್ಟದ ಮೇಲಿನ ಗುಡಿಯ ದೀಪ ತೋರಿಸಿ ಕಥೆ ಹೇಳುವವರಿದ್ದರು. ನೀನು ಉಳಿಸಿಕೊಳ್ಳಬೇಕು ಅನ್ನುತ್ತಿರುವುದು ಆ ಅಪ್ಪನನ್ನು. ಇಡೀ ಪಹಣಿ ನಿನ್ನ ಹೆಸರಿಗೆ ಬಂದರೂ ಅವರು ಆ ಮನೆಗೆ ಬರುವುದಿಲ್ಲ. ಬರೆಯುವಾಗ ನನಗೂ ಸಂಕಟವಾಗುತ್ತಿದೆ, ಆದರೆ ಬರೆಯದಿದ್ದರೆ ನಿನ್ನ ಪತ್ರಕ್ಕೆ ಮೋಸ ಮಾಡಿದಂತೆ.

ಹೋಂಸ್ಟೇ ಬಗ್ಗೆ ಒಂದೇ ಮಾತು. ಆನೆಗೊಂದಿ ಸೀಮೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ, ಅಲ್ಲಿ ಮನಸ್ಸಿಗೆ ಬಂದಂತೆ ಕಟ್ಟಲು ಬರುವುದಿಲ್ಲ. ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ತೆರವು ಮಾಡಿದ್ದನ್ನು ನೀವೆಲ್ಲ ನೋಡಿದ್ದೀರಿ. ಪಕ್ಕದ ಗದ್ದೆಯ ರೈತರು ಯಾರಾದರೂ ಕೊಳ್ಳುವ ಮನಸ್ಸು ಮಾಡಿದರೆ, ಬೆಲೆ ಸ್ವಲ್ಪ ಕಡಿಮೆಯಾದರೂ, ನಾನಾಗಿದ್ದರೆ ಅವರಿಗೇ ಕೊಡುತ್ತಿದ್ದೆ. ವಿಜಯನಗರದ ಅರಸರ ಕಾಲದ ಕಾಲುವೆ ಇವತ್ತಿಗೂ ನೀರುಣಿಸುವ ನೆಲ ಅದು, ಬೆಳೆ ಕಂಡರೆ ಚೆಂದ. ಅಣ್ಣನಿಗೆ ಹಣದ ತುರ್ತಿದ್ದರೆ ಮಾತ್ರ ಹಟ ಹಿಡಿಯಬೇಡ. ಮೂರು ವರ್ಷ ಖರ್ಚು ಹೊತ್ತವನು ಅವನು. ಅದಕ್ಕೊಮ್ಮೆ ಬಾಯಿ ತುಂಬ 'ಉಪಕಾರ ಆತಣ್ಣಾ' ಅಂದಿದ್ದೀಯಾ?

ಈಗ ಕಾಕಾ-ಕಾಕಿ. ನಿನ್ನ ಪತ್ರದಲ್ಲಿ ಅವರಿಗೆ ಸಿಕ್ಕಿದ್ದು ಅರ್ಧ ಸಾಲು, ಅದೂ ಖರ್ಚಿನ ಲೆಕ್ಕದಲ್ಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನದಿದಂಡೆಯ ಊರುಗಳಲ್ಲಿ ಜನ ಹೇಗೆ ಜೀವ ಕೈಯಲ್ಲಿ ಹಿಡಿದು ಕೂತಿದ್ದರು ಗೊತ್ತಲ್ಲ. ಆ ದಿನಗಳಲ್ಲಿ ನೀನು ಬಳ್ಳಾರಿಯಲ್ಲಿದ್ದೆ, ಅಣ್ಣ ಬೆಂಗಳೂರಿನಲ್ಲಿದ್ದ, ಆ ಮನೆಯಲ್ಲಿ ಇದ್ದವರು ಅವರಿಬ್ಬರೇ. ಮನೆ ಮಾರಿದ ಮರುದಿನ ಅವರು ಎಲ್ಲಿಗೆ ಹೋಗಬೇಕು? ಅಪ್ಪನನ್ನು ಮಾರಿದಂತೆ ಅನ್ನಿಸುತ್ತದೆ ಅಂದೆಯಲ್ಲ, ಅಪ್ಪನಿಗೆ ನೋವಾಗುವುದಿದ್ದರೆ ಗೋಡೆ ಕೈಬಿಟ್ಟದ್ದಕ್ಕಲ್ಲ, ಈ ಇಬ್ಬರನ್ನು ನಡುನೀರಲ್ಲಿ ಬಿಟ್ಟರೆ. ಮಾತುಕತೆ ಅಂತಿಮವಾಗುವ ಮೊದಲೇ ನೀವು ಮೂವರೂ ಕೂತು ಅವರಿಗೆ ಇಷ್ಟು ಅಂತ ಒಂದು ಮೊತ್ತ ತೆಗೆದಿಡಿ. ಅದು ಬಕ್ಷೀಸು ಅಲ್ಲ, ಅವರ ದುಡಿಮೆಯ ಬಾಕಿ ಅಂತಲೇ ಹೇಳಿ ಕೊಡಿ. ಅವರಿಗೆ ಊರೊಳಗೆ ಮನೆ ಇದೆಯೋ ಇಲ್ಲವೋ ವಿಚಾರಿಸಿ. ಆ ಸುದ್ದಿ ಅವರಿಗೆ ಕೊಳ್ಳುವವರ ಬಾಯಿಂದ ಗೊತ್ತಾಗಬಾರದು. ನೀನು ಹೋಗಿ, ಎದುರಿಗೆ ಕೂತು ಹೇಳಬೇಕು.

ನಮ್ಮಜ್ಜಿಯ ಊರು ತುಂಗಭದ್ರಾ ಹಿನ್ನೀರಿನಲ್ಲಿ ಮುಳುಗಿತು. ಅಣೆಕಟ್ಟು ಮುಗಿದದ್ದು 1953ರಲ್ಲಿ, ಅದಕ್ಕೂ ಮೊದಲೇ ಇವರನ್ನೆಲ್ಲ ಎಬ್ಬಿಸಿದ್ದರು. ಬಂಡಿಯಲ್ಲಿ ಸಾಮಾನು ಹೇರಿ ಎಲ್ಲರೂ ಹತ್ತಿ ಕೂತರೂ ಅಜ್ಜಿ ಮಾತ್ರ ಒಳಗೇ ಇದ್ದಳಂತೆ. ಹೋಗಿ ನೋಡಿದರೆ ಸೆಗಣಿ ಹಚ್ಚಿ ಪಡಸಾಲೆ ಸಾರಿಸುತ್ತಿದ್ದಾಳೆ. "ನೀರಿಗಿ ಕೊಡೋ ಮನೀನ ಯಾಕ ಸಾರಿಸ್ತೀಯವ್ವಾ" ಅಂತ ಮೈದುನ ರೇಗಿದನಂತೆ. "ಯಾರಿಗರ ಕೊಡಲಿ, ಹೊಲಸು ಇಟ್ಟು ಹೋಗಬಾರದು" ಅಂದಳಂತೆ. ಹೊಸಲಿಗೆ ರಂಗೋಲಿ ಎಳೆದು, ದೀಪ ಹಚ್ಚಿಟ್ಟೇ ಬಂಡಿ ಹತ್ತಿದಳು. ಮುಂದೆ ಎಷ್ಟೋ ವರ್ಷ ಅವಳು ಆ ಊರಿನ ಮಾತಾಡಿದ್ದನ್ನು ಕೇಳಿದ್ದೇನೆ. ಬಾವಿ, ಗುಡಿ, ಹುಣಸೆಮರ, ಎಲ್ಲ ಹೇಳುವಳು, ಕಣ್ಣೀರು ಹಾಕಿದ್ದು ನೋಡಿಲ್ಲ. ನೀನು ಅಲ್ಲಿಂದ ಎರಡು ಸಲ ಅತ್ತು ಓಡಿ ಬಂದಿದ್ದೀಯ. ಹೀಗೆ ಓಡಿಬಂದವಳು ದೀಪಾವಳಿ ಆದಮೇಲೆ ಸೀದಾ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಕೊಟ್ಟರೆ ಜೀವಮಾನವೆಲ್ಲ ಆ ಹೊರಸಿನ ಹತ್ತಿರವೇ ನಿಂತಿರುತ್ತೀಯ.

ಸೀಗಿ ಹುಣ್ಣಿಮೆ ಹತ್ತಿರ ಬಂತು. ಅಣ್ಣನನ್ನು ಕುಟುಂಬ ಸಮೇತ ಕರೆ. ಹಿಂದಿನ ದಿನವೇ ಹೋಗಿ ಮನೆ ಗುಡಿಸಿ, ತೊಳೆದು, ಆ ರಾತ್ರಿ ಅಲ್ಲೇ ಮಲಗಿ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಣ್ಣಿಗಾಯಿ, ಹೋಳಿಗೆ, ಏನೇನು ಅಪ್ಪನಿಗೆ ಸೇರುತ್ತಿತ್ತೋ ಅದೆಲ್ಲ ಆಗಲಿ. ಅಡುಗೆಗೆ ಕಾಕಿಯೂ ನೀನೂ ಒಟ್ಟಿಗೆ ಕೂರಿ. ಬೆಳಿಗ್ಗೆ ಗದ್ದೆಯ ಬದುವಿನಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಮಾಡಿದ ಅಡುಗೆಯನ್ನು ಗದ್ದೆಗೆಲ್ಲ ಚರಗ ಚೆಲ್ಲಿ. ಅಣ್ಣ ಮುಂದೆ, ನೀನು ಹಿಂದೆ, ಚಿಕ್ಕವರಿದ್ದಾಗ ಅಪ್ಪನ ಹಿಂದೆ ಓಡಿದಂತೆ ನಾಲ್ಕೂ ಮೂಲೆ ಸುತ್ತಿ ಬನ್ನಿ. ಅಳು ಬಂದರೆ ಅಲ್ಲೇ ಅಳು, ಅವನ ಮುಂದೆಯೇ ಅಳು. ಅವನೂ ಅತ್ತಿರಲಿಕ್ಕಿಲ್ಲ ಇನ್ನೂ.

ಬರುವಾಗ ಹೊರಸು ತರಬೇಡ ಅಂತ ನನ್ನ ಆಸೆ. ಬಳ್ಳಾರಿಯ ಮನೆಯಲ್ಲಿ ಅದು ಬಟ್ಟೆ ಒಣಹಾಕುವ ಜಾಗವಾಗಿಬಿಡುತ್ತದೆ. ಇಷ್ಟು ದಿನ ಒಳಗೆ ಹೊರಗೆ ಎತ್ತಿಟ್ಟ ಕಾಕಾಗೇ ಕೊಟ್ಟು ಬಾ, ಅದರ ಮೇಲೆ ಅವರು ಮಲಗಲಿ. ನಿನಗೆ ಬೇಕಾದರೆ ಸುಗಂಧಿ ಬಾಳೆಯ ಎರಡು ಕಂದು ಕಿತ್ತು ತಾ. ಹಿತ್ತಿಲಲ್ಲಿ ಬಚ್ಚಲ ನೀರು ಹೋಗುವ ಕಡೆ ನೆಟ್ಟರೆ ಬಳ್ಳಾರಿಯ ಬಿಸಿಲನ್ನೂ ತಡೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ದಿನಾ ನೀರು ತಪ್ಪಿಸಬೇಡ.

ಅವ್ವನಿಗೆ ಕಾಲುನೋವಿದ್ದರೂ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗು. ಮಾರುವ ಮಾತನ್ನು ಅಲ್ಲೇ, ಬೇವಿನ ಮರದ ಕೆಳಗೆ ಅವರನ್ನು ಕೇಳು, ಉತ್ತರ ಬರುವ ತನಕ ಸುಮ್ಮನೆ ಕೂತಿರು. ಹೊರಡುವ ಮೊದಲು ಕಾಕಾಗೆ ಒಂದು ಫೋನ್ ಮಾಡು. ನದಿಗೆ ಜಾಸ್ತಿ ನೀರು ಬಿಟ್ಟಿದ್ದರೆ ಕಂಪ್ಲಿ ಸೇತುವೆ ಮುಳುಗಿರುತ್ತದೆ, ಬುಕ್ಕಸಾಗರ, ಕಡೆಬಾಗಿಲು ಸುತ್ತಿಕೊಂಡು ಹೋಗಬೇಕಾಗುತ್ತದೆ.